ಮನೆಯಲ್ಲಿರುವ ಅಮ್ಮಂದಿರ ದುಡ್ಡು, ದೇಹ ಮತ್ತು ಕಾಸ್ಮೆಟಿಕ್ ಸರ್ಜರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಮಕ್ಕಳಿಗಾಗಿ ಕೆಲಸ ಬಿಟ್ಟು ಮನೆಯಲ್ಲಿರುವ ಹೆಂಗಸರು ಹಣದ ಬಗ್ಗೆ ಕೇಳುವ ಪ್ರಶ್ನೆಗಳನ್ನೂ ಹೆರಿಗೆಯ ನಂತರ ಬದಲಾದ ದೇಹ ಮತ್ತು ಸರ್ಜರಿಯ ಬಗ್ಗೆ ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇವೆ. ಎರಡು ಬೇರೆ ಪುಟ ಮಾಡಬಹುದಿತ್ತು. ಆದರೆ ಸರ್ಜರಿಯ ಮಾತು ಎಲ್ಲಿಂದ ಶುರುವಾದರೂ ದುಡ್ಡು ಯಾರದ್ದು, ತೀರ್ಮಾನ ಯಾರದ್ದು ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಮೊದಲು ದುಡ್ಡಿನ ವಿಷಯ.

ಮನೆಯ ಖರ್ಚೆಲ್ಲ ಯಜಮಾನರೇ ನೋಡಿಕೊಳ್ಳುತ್ತಾರೆ. ನನಗೆ ಬೇರೆ ಖಾತೆ ಯಾಕೆ?

ಅವರು ಒಳ್ಳೆಯವರೇ ಇರಬಹುದು. ಆದರೂ ಬೇಕು. ಅವರು ಆಸ್ಪತ್ರೆ ಸೇರಿದ ದಿನ, ಅವರ ಮೊಬೈಲ್ ಕಳೆದುಹೋದ ದಿನ, ಅವರ ಖಾತೆ ಯಾವುದೋ ಕಾರಣಕ್ಕೆ ಬ್ಲಾಕ್ ಆದ ದಿನ ಮನೆ ನಡೆಯಬೇಕಲ್ಲ. ನಿಮ್ಮ ಒಬ್ಬರದೇ ಹೆಸರಿನಲ್ಲಿ ಒಂದು ಉಳಿತಾಯ ಖಾತೆ, ಅದಕ್ಕೆ ನಿಮ್ಮದೇ ಕೈಯಲ್ಲಿರುವ ಮೊಬೈಲ್ ನಂಬರ್. ಇಷ್ಟು ಇಲ್ಲದಿದ್ದರೆ ಉಳಿದ ಯಾವ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ.

ಕನಿಷ್ಠ ಬ್ಯಾಲೆನ್ಸ್ ಇಡುವುದು ಕಷ್ಟವಾದರೆ ಬ್ಯಾಂಕಿನಲ್ಲಿ ಬೇಸಿಕ್ ಸೇವಿಂಗ್ಸ್ ಖಾತೆ ಬೇಕೆಂದು ಕೇಳಿ. ಅದಕ್ಕೆ ಕನಿಷ್ಠ ಮೊತ್ತದ ನಿಯಮ ಇಲ್ಲ. ಆಧಾರ್, ಪ್ಯಾನ್, ಫೋಟೊ ಸಾಕು. ಪ್ಯಾನ್ ಇಲ್ಲದವರು ಅದರ ಬದಲಿಗೆ ಬ್ಯಾಂಕಿನಲ್ಲಿ ಸಿಗುವ ಘೋಷಣೆಯ ಫಾರ್ಮ್ ತುಂಬಿ ಕೊಡಬಹುದು. ಈಗಾಗಲೇ ಖಾತೆ ಇದ್ದವರು ಒಂದು ಸಂಗತಿ ಪರೀಕ್ಷಿಸಿ: ಒಟಿಪಿ ಯಾರ ಫೋನಿಗೆ ಬರುತ್ತದೆ? ಹೆಚ್ಚಿನ ಮನೆಗಳಲ್ಲಿ ಪಾಸ್‌ಬುಕ್ ಹೆಂಡತಿಯದ್ದು, ನಂಬರ್ ಗಂಡನದ್ದು. ಎಟಿಎಂ ಕಾರ್ಡ್ ಮಗನ ಪರ್ಸಿನಲ್ಲಿ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕೂಡ ಹೀಗೆ ಬೇರೆಯವರ ಕೈಗೆ ಹೋಗುವುದುಂಟು. ಶಾಖೆಗೆ ಹೋಗಿ ನಂಬರ್ ಬದಲಾಯಿಸಲಿಕ್ಕೆ ಒಂದು ಅರ್ಜಿ, ಗುರುತಿನ ಚೀಟಿ ಸಾಕು.

ದಿನಾ ಸ್ವಲ್ಪ ಸ್ವಲ್ಪವೇ ಕೂಡಿಡಲಿಕ್ಕೆ ಆಗುವುದು. ಪಿಗ್ಮಿ ಒಳ್ಳೆಯದಾ?

ಪಿಗ್ಮಿ ಹುಟ್ಟಿದ್ದೇ ನಮ್ಮ ಜಿಲ್ಲೆಯಲ್ಲಿ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಕ್ರಮ ತಂದಿತು. (ಆ ಬ್ಯಾಂಕ್ 2020ರ ಏಪ್ರಿಲ್ 1ರಿಂದ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿದೆ.) ದಿನಕ್ಕೆ 50 ರೂಪಾಯಿ ಹಾಕಿದರೂ ವರ್ಷಕ್ಕೆ 18,250 ಆಗುತ್ತದೆ. ಶಿಸ್ತಿಗೆ ಒಳ್ಳೆಯದು, ಬಡ್ಡಿ ಮಾತ್ರ ಆರ್‌ಡಿಗಿಂತ (ತಿಂಗಳ ಕಂತಿನ ಠೇವಣಿಗಿಂತ) ಸಾಮಾನ್ಯವಾಗಿ ಕಡಿಮೆ. ವರ್ಷ ತುಂಬುವ ಮೊದಲು ಹಿಂದೆಗೆದರೆ ಕಮಿಷನ್ ಕಡಿಯುವವರೂ ಇದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಉಂಟು. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕ್ ಆದರೂ ಸರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ) ವಿಮೆ ಇದೆ. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳು ಬ್ಯಾಂಕ್ ಅಲ್ಲ. ಅವುಗಳ ಠೇವಣಿಗೆ ಈ ವಿಮೆ ಇಲ್ಲ. ಪೇಟೆಯಲ್ಲಿ ಎರಡರ ಬೋರ್ಡೂ ಒಂದೇ ಥರ ಕಾಣುತ್ತದೆ. ಪಿಗ್ಮಿ ಕಲೆಕ್ಟರ್ ಎಷ್ಟೇ ಪರಿಚಯದವರಾಗಲಿ, ಹಣ ಕೊಟ್ಟ ಕೂಡಲೇ ರಶೀದಿ ಅಥವಾ ಮೆಸೇಜ್ ಬಂದದ್ದನ್ನು ನೋಡಿಯೇ ಬಾಗಿಲು ಹಾಕಿ.

ಮಲ್ಲಿಗೆ ಕಟ್ಟುವವರು, ಬೀಡಿ ಕಟ್ಟುವವರು ತಮ್ಮನ್ನು "ಮನೆಯಲ್ಲೇ ಇದ್ದೇನೆ" ಎಂದೇ ಹೇಳಿಕೊಳ್ಳುತ್ತಾರೆ. ಶಂಕರಪುರದ ಕಡೆ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಕಟ್ಟಿ, ಚೆಂಡು ಲೆಕ್ಕದಲ್ಲಿ ಕಟ್ಟೆಗೆ (ಹೂ ಕೊಳ್ಳುವ ಜಾಗಕ್ಕೆ) ಮುಟ್ಟಿಸುವವರು ಹೆಂಗಸರು. ಹೂವಿನ ದುಡ್ಡು ಬರುವುದು ಗಂಡನ ಖಾತೆಗೆ. ಅದನ್ನು ನಿಮ್ಮ ಖಾತೆಗೇ ಹಾಕಿಸಿಕೊಳ್ಳಿ. ಬೀಡಿ ಕಟ್ಟುವವರಿಗೆ ಪಿಎಫ್ ಉಂಟು: ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಕೇಳಿ ಪಡೆಯಿರಿ, ಆಧಾರ್‌ನಲ್ಲಿಯೂ ಪಿಎಫ್‌ನಲ್ಲಿಯೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿ. ಹಣ ತೆಗೆಯುವಾಗ ಹೆಚ್ಚಿನ ಅರ್ಜಿ ಸಿಕ್ಕಿಬೀಳುವುದು ಅಲ್ಲಿಯೇ.

ಗಂಡನ ಹತ್ತಿರ ಪ್ರತಿ ಸಲ ಕೈ ಒಡ್ಡುವುದು ಬೇಜಾರು. ಹೇಗೆ ಮಾತಾಡುವುದು?

ಮೊದಲು ಎರಡು ತಿಂಗಳ ಖರ್ಚು ಬರೆದಿಡಿ: ಮೀನು, ಅಂಗಡಿ ಸಾಮಾನು, ಗ್ಯಾಸ್, ಕರೆಂಟ್, ಶಾಲೆ ವ್ಯಾನ್, ಮದುವೆ ಮುಯ್ಯಿ. ಬರೆದ ಲೆಕ್ಕ ಎದುರಿಗಿದ್ದರೆ "ಕೊಟ್ಟ ದುಡ್ಡು ಎಲ್ಲಿ ಹೋಯಿತು" ಎಂಬ ಪ್ರಶ್ನೆಯೇ ಏಳುವುದಿಲ್ಲ. ನಂತರ ಮನೆ ಖರ್ಚಿನ ಹಣವನ್ನೂ ನಿಮ್ಮ ಸ್ವಂತ ಹಣವನ್ನೂ ಬೇರೆ ಮಾಡಿ. ಇವೆರಡು ಒಂದೇ ಡಬ್ಬಿಯಲ್ಲಿದ್ದರೆ ನಿಮ್ಮದು ಯಾವತ್ತೂ ಉಳಿಯುವುದಿಲ್ಲ.

ಉದಾಹರಣೆಗೆ ಸಂಬಳ 50,000. ಸಾಲದ ಕಂತು 14,000, ಮನೆ ಖರ್ಚು 20,000, ಶಾಲೆ ಫೀಸನ್ನು ತಿಂಗಳಿಗೆ ಹಂಚಿದರೆ 4,000. ಉಳಿಯುವುದು 12,000. ಅದರಲ್ಲಿ 6,000 ಇಬ್ಬರ ಹೆಸರಿನ ಉಳಿತಾಯಕ್ಕೆ. ಗಂಡನಿಗೆ 3,000, ಹೆಂಡತಿಗೆ 3,000, ಯಾರೂ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಈ 3,000 ಸಂಬಳ ಬಂದ ಮರುದಿನವೇ ನಿಮ್ಮ ಖಾತೆಗೆ ತಾನಾಗಿ ಬರುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಸಿ. "ತಿಂಗಳ ಕೊನೆಗೆ ಉಳಿದದ್ದು ನಿನಗೆ" ಎಂಬ ಕ್ರಮದಲ್ಲಿ ಏನೂ ಉಳಿಯದು.

ಇದನ್ನು ದಾನವೆಂದು ಭಾವಿಸುವ ಅಗತ್ಯವಿಲ್ಲ. 2021ರ ಜನವರಿಯಲ್ಲಿ ಒಂದು ಅಪಘಾತ ಪರಿಹಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ ಎಂಬ 2019ರ ಸಮೀಕ್ಷೆಯನ್ನು ಉಲ್ಲೇಖಿಸಿ, ಗೃಹಿಣಿಯ ದುಡಿಮೆಗೆ ಆದಾಯದ ಲೆಕ್ಕ ಕಟ್ಟಲೇಬೇಕು ಎಂದಿತು. 2024ರ ಜುಲೈಯಲ್ಲಿ ಇನ್ನೊಂದು ತೀರ್ಪಿನಲ್ಲಿ, ಗೃಹಿಣಿಗೆ ಜಂಟಿ ಖಾತೆ, ಎಟಿಎಂ ಕಾರ್ಡ್ ಒದಗಿಸುವಂಥ ಕ್ರಮಗಳ ಅಗತ್ಯವನ್ನು ಹೆಸರೆತ್ತಿಯೇ ಹೇಳಿತು. ಮಾತು ಶುರುಮಾಡಲಿಕ್ಕೆ ಇದೂ ಒಂದು ದಾರಿ.

ಗಂಡ ಕೊಟ್ಟ ಹಣಕ್ಕೆ ನಾನು ತೆರಿಗೆ ಕಟ್ಟಬೇಕಾ?

ಬೇಡ. ಗಂಡ ಹೆಂಡತಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಆದರೆ ಆ ಹಣವನ್ನು ಎಫ್‌ಡಿ ಮಾಡಿದರೆ ಬರುವ ಬಡ್ಡಿಯನ್ನು ಗಂಡನ ಆದಾಯಕ್ಕೆ ಸೇರಿಸಿ ಲೆಕ್ಕ ಹಾಕುತ್ತಾರೆ. ಪಿಪಿಎಫ್ ಎಂಬ ಸರ್ಕಾರಿ ಉಳಿತಾಯ ಯೋಜನೆಗೆ ಹಾಕಿದರೆ ಬಡ್ಡಿಗೇ ತೆರಿಗೆ ಇಲ್ಲ: ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ, ಅವಧಿ 15 ವರ್ಷ. ನೀವೇ ದುಡಿದ ಹೂವಿನ, ಟ್ಯೂಷನ್ನಿನ, ಹಪ್ಪಳದ ಹಣ ನಿಮ್ಮದೇ ಆದಾಯ.

ಅವರು ದುಬೈಯಲ್ಲಿದ್ದಾರೆ. ಎನ್‌ಆರ್‌ಇ ಖಾತೆಯಲ್ಲಿ ನನ್ನ ಹೆಸರೂ ಇದೆ. ಅಷ್ಟು ಸಾಕಲ್ಲ?

ಸಾಲದು. ಎನ್‌ಆರ್‌ಇ ಎಂದರೆ ವಿದೇಶದಲ್ಲಿರುವವರು ಊರಿನ ಬ್ಯಾಂಕಿನಲ್ಲಿ ಇಡುವ ಖಾತೆ. ಊರಲ್ಲಿರುವ ಹೆಂಡತಿಯನ್ನು ಅದಕ್ಕೆ ಸೇರಿಸುವುದು "ಫಾರ್ಮರ್ ಆರ್ ಸರ್ವೈವರ್" ಎಂಬ ಕ್ರಮದಲ್ಲಿ. ಅಂದರೆ ಗಂಡ ಬದುಕಿರುವವರೆಗೆ ಆ ಖಾತೆ ನಡೆಸುವವರು ಅವರೊಬ್ಬರೇ. ಹೆಸರು ಇದೆ ಎಂಬ ಧೈರ್ಯದಲ್ಲಿ ಮಗುವಿನ ಆಸ್ಪತ್ರೆ ಬಿಲ್ ಕಟ್ಟಲಿಕ್ಕೆ ಬ್ಯಾಂಕಿಗೆ ಹೋದವರು ಕೌಂಟರಿನಲ್ಲಿ ನಿಂತು ಇದನ್ನು ತಿಳಿದುಕೊಳ್ಳುತ್ತಾರೆ. ಅದಕ್ಕೆ ಪರಿಹಾರ ಎರಡು. ಒಂದು, ಗಂಡ ನಿಮಗೆ ಪವರ್ ಆಫ್ ಅಟಾರ್ನಿ ಕೊಡುವುದು. ಆಗ ಊರಿನ ಖರ್ಚಿಗೆ ಆ ಖಾತೆಯಿಂದ ಹಣ ತೆಗೆಯಬಹುದು. ರಜೆಗೆ ಬಂದಾಗಲೇ ಬ್ಯಾಂಕಿನ ನಮೂನೆಯಲ್ಲಿ ಮಾಡಿಸಿಬಿಡುವುದು ಸುಲಭ. ಎರಡು, ತಿಂಗಳ ಖರ್ಚನ್ನೂ ನಿಮ್ಮ ಪಾಲನ್ನೂ ಅಲ್ಲಿಂದ ನೇರವಾಗಿ ನಿಮ್ಮ ಸಾಮಾನ್ಯ ಉಳಿತಾಯ ಖಾತೆಗೆ ಕಳಿಸುವುದು. ಅತ್ತೆಯ ಅಥವಾ ಬಾವನ ಖಾತೆಗೆ ಕಳಿಸಿ ಅಲ್ಲಿಂದ ನಿಮಗೆ ಬರುವ ಏರ್ಪಾಡು ಬೇಡ. ವರ್ಷಗಟ್ಟಲೆ ಜಗಳಕ್ಕೆ ಅದೇ ಬುಡ.

ಮದುವೆಯಲ್ಲಿ ಹಾಕಿದ ಚಿನ್ನ ಯಾರದ್ದು?

ನಿಮ್ಮದು. ತವರಿನವರು ಹಾಕಿದ್ದೂ ಗಂಡನ ಮನೆಯವರು ನಿಮಗೆಂದು ಕೊಟ್ಟದ್ದೂ ಸ್ತ್ರೀಧನ. ಅದು ಗಂಡಹೆಂಡಿರ ಜಂಟಿ ಸೊತ್ತಾಗುವುದಿಲ್ಲ. ಮೊದಲ ರಾತ್ರಿಯೇ ಗಂಡ ಚಿನ್ನವನ್ನು ಜೋಪಾನ ಮಾಡಲಿಕ್ಕೆಂದು ತನ್ನ ತಾಯಿಗೆ ಕೊಟ್ಟು, ಮುಂದೆ ಅದು ಅವರ ಸಾಲಕ್ಕೆ ಹೋಯಿತು ಎಂಬ ಕೇರಳದ ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಗೆ 25 ಲಕ್ಷ ಕೊಡಿಸಿತು. ಮುಸ್ಲಿಂ ಮದುವೆಯಲ್ಲಿ ವರ ವಧುವಿಗೆ ಕೊಡುವ ಮಹರ್ ಕೂಡ ಹೆಂಡತಿಯದೇ.

ಹಕ್ಕು ಇದ್ದರೆ ಸಾಲದು, ಪುರಾವೆ ಬೇಕು. ಪ್ರತಿ ಒಡವೆಯ ಫೋಟೊ, ತೂಕ, ಬಿಲ್, ಹಾಲ್‌ಮಾರ್ಕ್ ಇದ್ದರೆ ಒಡವೆಯ ಮೇಲಿನ ಆರು ಅಕ್ಷರ-ಅಂಕಿಗಳ ಗುರುತು (ಎಚ್‌ಯುಐಡಿ) ಬರೆದಿಟ್ಟುಕೊಂಡು ಒಂದು ಪ್ರತಿಯನ್ನು ತವರಿನಲ್ಲಿ ಇಡಿ. ಲಾಕರ್ ನಿಮ್ಮ ಹೆಸರಿನಲ್ಲಿ ಅಥವಾ ಇಬ್ಬರ ಹೆಸರಿನಲ್ಲಿ ಇರಲಿ. ಮನೆಯ ಕಷ್ಟಕ್ಕೆ ಚಿನ್ನ ಅಡವಿಟ್ಟರೆ ಸಾಲ ನಿಮ್ಮ ಹೆಸರಿನಲ್ಲೇ ಇರಲಿ, ತೂಕ ನಮೂದಾದ ಚೀಟಿ ನಿಮ್ಮ ಹತ್ತಿರವೇ ಇರಲಿ.

ತವರಿನ ಆಸ್ತಿಯ ಬಗ್ಗೆ ಚುಟುಕಾಗಿ: ಹಿಂದೂ ಕುಟುಂಬದಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2005ರ ತಿದ್ದುಪಡಿಗೆ ಮೊದಲೇ ತಂದೆ ತೀರಿಹೋಗಿದ್ದರೂ ಹಕ್ಕು ಹೋಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಹೋಗುವ ಕ್ರಮದ) ನಾಡು ಎಂದು ಹೇಳಿಕೊಳ್ಳುವ ಈ ಕರಾವಳಿಯಲ್ಲೇ "ಬಂದು ಒಂದು ಸೈನ್ ಹಾಕಿ ಹೋಗು ಮಾರಾಯ್ತಿ" ಎಂದು ಅಣ್ಣ ಕರೆದ ಕೂಡಲೇ ಹಕ್ಕು ಬಿಟ್ಟುಕೊಡುವ ರಿಲೀಸ್ ಡೀಡ್‌ಗೆ ಸಹಿ ಹಾಕಿ ಬರುವ ತಂಗಿಯರು ತುಂಬ ಜನ. ನೋಂದಣಿಯಾದ ಮೇಲೆ ಅದನ್ನು ರದ್ದು ಮಾಡಿಸುವುದು ಬಹಳ ಕಷ್ಟ. ಓದಿ, ವಕೀಲರಿಗೆ ತೋರಿಸಿ, ಆಮೇಲೆ ಸಹಿ.

ಹೆರಿಗೆಯಾಗಿ ವರ್ಷವಾದರೂ ಹೊಟ್ಟೆ ಇಳಿದಿಲ್ಲ. ಸರ್ಜರಿಯೇ ಬೇಕಾ?

ಹೆಚ್ಚಿನವರಿಗೆ ಬೇಡ. ಮೊದಲು ಅದು ಕೊಬ್ಬೋ, ಸಡಿಲವಾದ ಚರ್ಮವೋ, ಸ್ನಾಯು ಬೇರ್ಪಟ್ಟದ್ದೋ ಎಂದು ತಿಳಿಯಬೇಕು. ಬಸುರಿನಲ್ಲಿ ಹೊಟ್ಟೆಯ ನಡುವಿನ ಎರಡು ಸ್ನಾಯುಪಟ್ಟಿಗಳು ದೂರ ಸರಿಯುತ್ತವೆ; ಕೆಲವರಿಗೆ ಅವು ಹಿಂದಿರುಗಿ ಸೇರುವುದಿಲ್ಲ. ಡಯಾಸ್ಟಾಸಿಸ್ ರೆಕ್ಟೈ ಎನ್ನುವುದು ಇದಕ್ಕೆ.

ಮನೆಯಲ್ಲೇ ನೋಡುವ ಕ್ರಮ: ಅಂಗಾತ ಮಲಗಿ, ಮೊಣಕಾಲು ಮಡಚಿ, ಬೆರಳುಗಳನ್ನು ಅಡ್ಡವಾಗಿ ಹೊಕ್ಕುಳ ಮೇಲೆ ಇಟ್ಟು, ತಲೆ ಮತ್ತು ಹೆಗಲನ್ನು ಮಾತ್ರ ಸ್ವಲ್ಪ ಎತ್ತಿ. ಬೆರಳುಗಳು ಒಳಗೆ ಇಳಿಯುವ ಸಂದು ಎರಡು ಬೆರಳಿಗಿಂತ ಅಗಲ ಇದ್ದರೆ ಫಿಸಿಯೊಥೆರಪಿಸ್ಟ್‌ಗೆ ತೋರಿಸಿ. ಹೊಕ್ಕುಳಲ್ಲಿ ಗುಳ್ಳೆಯಂತೆ ಉಬ್ಬಿದರೆ ಹರ್ನಿಯಾ ಇರಬಹುದು. ಅದನ್ನು ಸರ್ಜನ್‌ಗೇ ತೋರಿಸಬೇಕು. ಉಸಿರು ಬಿಡುತ್ತಾ ಒಳಹೊಟ್ಟೆ ಬಿಗಿ ಹಿಡಿಯುವುದು, ಮಲಗಿ ಹಿಮ್ಮಡಿ ಜಾರಿಸುವುದು, ಸೊಂಟ ಓರೆಮಾಡುವುದು ಮೊದಲ ವ್ಯಾಯಾಮಗಳು. ಸಿಸೇರಿಯನ್ ಆದವರು ವೈದ್ಯರು ಒಪ್ಪಿದ ಮೇಲೆ, ಸಾಮಾನ್ಯವಾಗಿ 6ರಿಂದ 8 ವಾರ ಕಳೆದು. ಯೂಟ್ಯೂಬ್ ನೋಡಿ ಸಿಟ್‌ಅಪ್ ಹೊಡೆಯುವವರು ಸಂದನ್ನು ಇನ್ನಷ್ಟು ಉಬ್ಬಿಸಿಕೊಳ್ಳುತ್ತಾರೆ. ಆರು ತಿಂಗಳು ಬಿಡದೆ ಮಾಡಿ ನೋಡಿ.

ಬಾಣಂತನದಲ್ಲಿ ಸೀರೆ ಸುತ್ತಿ ಹೊಟ್ಟೆ ಕಟ್ಟುವುದರಿಂದ ಬೆನ್ನಿಗೆ ಆಧಾರ ಸಿಗುತ್ತದೆ, ಹಾಯೆನಿಸುತ್ತದೆ. ಸ್ನಾಯು ಸೇರುವುದಿಲ್ಲ. "ಸರಿ ಕಟ್ಟಿಸಿಕೊಳ್ಳಲಿಲ್ಲ, ಅದಕ್ಕೇ ಹೊಟ್ಟೆ ಬಂತು" ಎಂಬ ಮಾತಿಗೆ ಆಧಾರವಿಲ್ಲ.

ಟಮ್ಮಿ ಟಕ್ ಅಂದರೆ ಏನು? ಎಷ್ಟು ದಿನ ಮಲಗಬೇಕು? ಮಕ್ಕಳನ್ನು ಯಾರು ನೋಡುವುದು?

ಕೊನೆಯ ಪ್ರಶ್ನೆಯೇ ಮುಖ್ಯ. ಅದನ್ನು ಕ್ಲಿನಿಕ್ಕಿನಲ್ಲಿ ಯಾರೂ ಕೇಳುವುದಿಲ್ಲ.

ಕಿಬ್ಬೊಟ್ಟೆಯಲ್ಲಿ, ಸಿಸೇರಿಯನ್ ಗಾಯಕ್ಕಿಂತ ಬಹಳ ಉದ್ದಕ್ಕೆ, ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ದು, ಹೆಚ್ಚಿನ ಚರ್ಮ ಮತ್ತು ಕೊಬ್ಬು ತೆಗೆದು, ಸ್ನಾಯುಗಳನ್ನು ಹೊಲಿದು, ಹೊಕ್ಕುಳನ್ನು ಹೊಸ ಜಾಗಕ್ಕೆ ಕೂರಿಸುತ್ತಾರೆ. ಪೂರ್ತಿ ಅರಿವಳಿಕೆ, 2ರಿಂದ 4 ಗಂಟೆ. ಕೆಳಹೊಟ್ಟೆಯ ಬಿರುಕುಗೆರೆಗಳು ತೆಗೆದ ಚರ್ಮದೊಂದಿಗೆ ಹೋಗುತ್ತವೆ, ಮೇಲಿನವು ಉಳಿಯುತ್ತವೆ. ಗಾಯದ ಗೆರೆ ಜೀವಮಾನ ಇರುತ್ತದೆ, ಬಟ್ಟೆಯೊಳಗೆ ಮರೆಯಾಗುತ್ತದೆ ಅಷ್ಟೆ. ಇದು ತೂಕ ಇಳಿಸುವ ಆಪರೇಷನ್ ಅಲ್ಲ. ಲೈಪೊಸಕ್ಷನ್ ಕೂಡ ಅಲ್ಲ. ಅದು ಕೊಬ್ಬು ಮಾತ್ರ ತೆಗೆಯುತ್ತದೆ, ಜೋತ ಚರ್ಮವನ್ನೂ ಸಡಿಲ ಸ್ನಾಯುವನ್ನೂ ಸರಿಮಾಡದು.

ಯಾವಾಗ? ಇನ್ನು ಮಗು ಬೇಡ ಎಂದು ತೀರ್ಮಾನವಾದ ಮೇಲೆ, ಹಾಲುಣಿಸುವುದು ನಿಂತು ಕೆಲವು ತಿಂಗಳಾದ ಮೇಲೆ, ತೂಕ ಕನಿಷ್ಠ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಂತ ಮೇಲೆ. ನಂತರ ಬಸುರಾದರೆ ಮಗುವಿಗೆ ತೊಂದರೆ ಎಂದಲ್ಲ, ಹೊಲಿದದ್ದೆಲ್ಲ ಮತ್ತೆ ಸಡಿಲಾಗುತ್ತದೆ.

ಮೊದಲ ವಾರ ನೆಟ್ಟಗೆ ನಿಲ್ಲಲಿಕ್ಕೆ ಆಗುವುದಿಲ್ಲ, ಬಾಗಿಯೇ ನಡೆಯಬೇಕು. ಮಲಗುವಾಗ ಬೆನ್ನಿಗೆ ದಿಂಬು, ಮೊಣಕಾಲಿನ ಕೆಳಗೆ ದಿಂಬು. ಡ್ರೈನ್ ಟ್ಯೂಬ್ ಇಟ್ಟಿದ್ದರೆ ದಿನವೂ ಎಷ್ಟು ಮಿಲಿ ಬಂತು ಎಂದು ಬರೆದಿಡಬೇಕು. ದಿನಕ್ಕೆ ಸುಮಾರು 30 ಮಿಲಿಗಿಂತ ಕಡಿಮೆಯಾದಾಗ ಸಾಮಾನ್ಯವಾಗಿ ತೆಗೆಯುತ್ತಾರೆ. ಎರಡು ವಾರಕ್ಕೆ ಹಗುರ ಕೆಲಸ. ಆರು ವಾರ ಭಾರ ಎತ್ತುವಂತಿಲ್ಲ: ಮಗುವನ್ನು ಎತ್ತಿಕೊಳ್ಳುವಂತಿಲ್ಲ, ಬಾವಿಯಿಂದ ನೀರು ಸೇದುವಂತಿಲ್ಲ, ನೀರು ತುಂಬಿದ ಕೊಡ ಮುಟ್ಟುವಂತಿಲ್ಲ, ಗ್ರೈಂಡರಿನ ಕಲ್ಲು ಎತ್ತುವಂತಿಲ್ಲ. ಕುಕ್ಕರಗಾಲಲ್ಲಿ ಕೂರುವ ಶೌಚಾಲಯ ಮಾತ್ರ ಇರುವ ಮನೆಯಾದರೆ ಕಮೋಡ್ ಕುರ್ಚಿ ತರಿಸಿಡಿ.

ಒತ್ತುಬಟ್ಟೆ, ಅಂದರೆ ಕಂಪ್ರೆಷನ್ ಗಾರ್ಮೆಂಟ್, ಹಗಲುರಾತ್ರಿ ಸುಮಾರು ಆರು ವಾರ. ನಮ್ಮ ಊರಿನ ಸೆಕೆಗೆ ಅದರೊಳಗೆ ಬೆವರಿ ಬೊಕ್ಕೆ ಏಳುತ್ತದೆ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಒಗೆದದ್ದು ಎರಡು ದಿನವಾದರೂ ಒಣಗುವುದಿಲ್ಲ. ಆದ್ದರಿಂದ ಒಂದರ ಬದಲು ಎರಡು ಕೊಳ್ಳಿ, ಅದರಡಿ ತೆಳು ಹತ್ತಿ ಬನಿಯನ್ ಹಾಕಬಹುದಾ ಎಂದು ಸರ್ಜನ್‌ಗೆ ಕೇಳಿ. ಡಿಸೆಂಬರ್, ಜನವರಿ ಹವೆಗೆ ಒಳ್ಳೆಯದು, ಮಕ್ಕಳು ಶಾಲೆಗೂ ಹೋಗುತ್ತಿರುತ್ತಾರೆ.

ಏನು ಕೆಡಬಹುದು? ಚರ್ಮದಡಿ ನೀರು ಕಟ್ಟುವುದು, ರಕ್ತ ಹೆಪ್ಪುಗಟ್ಟಿ ಊದುವುದು, ಸೋಂಕು, ಗಾಯದ ಅಂಚಿನ ಚರ್ಮ ಸಾಯುವುದು (ಧೂಮಪಾನ ಮಾಡುವವರಲ್ಲಿ ಜಾಸ್ತಿ), ಹೊಟ್ಟೆಯ ಮೇಲೆ ತಿಂಗಳುಗಟ್ಟಲೆ ಮರಗಟ್ಟಿದಂತಿರುವುದು. ಎಲ್ಲಕ್ಕಿಂತ ಅಪಾಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗುವುದು. ಒಂದೇ ಮೀನಖಂಡ ಊದಿ ನೋಯುವುದು, ಏಕಾಏಕಿ ಏದುಸಿರು, ಎದೆನೋವು ಕಂಡರೆ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾ ಕೂರದೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಅದರಿಂದ ಈ ಅಪಾಯ ಹೆಚ್ಚು. ಗಲ್ಫ್‌ನಿಂದ ತಿಂಗಳ ರಜೆಗೆ ಬಂದು, ಮಾಡಿಸಿಕೊಂಡು, ವಾರ ಎರಡರಲ್ಲಿ ವಿಮಾನ ಹತ್ತುವ ಯೋಜನೆ ಇದೇ ಕಾರಣಕ್ಕೆ ಸರಿಯಲ್ಲ.

ಆರು ವಾರ ಅಡುಗೆ, ಒಗೆತ, ಮಕ್ಕಳ ಸ್ನಾನ ಯಾರು ಮಾಡುತ್ತಾರೆ ಎಂದು ಹೆಸರು ಹಿಡಿದು ಬರೆಯಿರಿ. ತವರಿನಿಂದ ಅಮ್ಮ ಬರುತ್ತಾರಾ, ಕೆಲಸದವರಿಗೆ ಎಷ್ಟು ಕೊಡಬೇಕು, ಗಂಡ ಎಷ್ಟು ದಿನ ರಜೆ ಹಾಕುತ್ತಾರೆ. ಆ ಕಾಗದ ತುಂಬದಿದ್ದರೆ ಆಪರೇಷನ್ ದಿನ ಗೊತ್ತು ಮಾಡಬೇಡಿ. ಮೂರನೇ ದಿನವೇ ಒಲೆ ಮುಂದೆ ನಿಂತವರ ಹೊಲಿಗೆಗಳೇ ಬಿಟ್ಟುಹೋಗುವುದು.

ಖರ್ಚು ಎಷ್ಟಾಗುತ್ತದೆ? ವಿಮೆ ಕೊಡುತ್ತದಾ?

ಅಂದಕ್ಕಾಗಿ ಮಾಡಿಸುವ ಸರ್ಜರಿಗೆ ಆರೋಗ್ಯ ವಿಮೆ ಕೊಡುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಗೆ, ಅಥವಾ ವೈದ್ಯಕೀಯವಾಗಿ ಅಗತ್ಯವೆಂದು ವೈದ್ಯರು ದೃಢಪಡಿಸಿದರೆ ಮಾತ್ರ ಕೊಡಬೇಕು. ಹೊಕ್ಕುಳ ಹರ್ನಿಯಾ ಜೊತೆಗಿದ್ದರೆ ಹರ್ನಿಯಾದ ಭಾಗಕ್ಕೆ ಸಿಗಬಹುದು; ಎರಡರ ಬಿಲ್ ಬೇರೆ ಬೇರೆ ಮಾಡಿಸಿ, ಮೊದಲೇ ಲಿಖಿತ ಅನುಮತಿ ಪಡೆಯಿರಿ. ಎಲ್ಲವನ್ನೂ ಹರ್ನಿಯಾ ಎಂದು ಬರೆಸಿದರೆ ಕ್ಲೇಮ್ ತಿರಸ್ಕಾರವಾಗುತ್ತದೆ, ಪಾಲಿಸಿಯೇ ರದ್ದಾಗುವುದೂ ಉಂಟು.

ಸಾಮಾನ್ಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಕಾಸ್ಮೆಟಿಕ್ ಸರ್ಜರಿಗೆ ಇದೆ, 18 ಶೇಕಡ. 2 ಲಕ್ಷ ಎಂದು ಹೇಳಿದರೆ 2,36,000. ಅಂದಾಜು ಪಟ್ಟಿಯನ್ನು ಬರಹದಲ್ಲೇ ಕೇಳಿ: ಸರ್ಜನ್, ಅರಿವಳಿಕೆ ತಜ್ಞರು, ಆಪರೇಷನ್ ಥಿಯೇಟರ್, ವಾರ್ಡ್, ರಕ್ತಪರೀಕ್ಷೆ, ಔಷಧ, ಒತ್ತುಬಟ್ಟೆ, ತೆರಿಗೆ. ಗಾಯ ಸರಿಯಾಗದೆ ಎರಡನೇ ಸಲ ಮಾಡಬೇಕಾಗಿ ಬಂದರೆ ಖರ್ಚು ಯಾರದ್ದು ಎಂಬುದೂ ಅದರಲ್ಲಿರಲಿ.

ಇಎಂಐ ಬಗ್ಗೆ: "ಬಡ್ಡಿ ಇಲ್ಲ" ಎಂದರೂ ಪ್ರೊಸೆಸಿಂಗ್ ಶುಲ್ಕ ಇರುತ್ತದೆ. ಸಾಲ ಕೊಡುವವರು ವಾರ್ಷಿಕ ದರ ಬರೆದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಅದನ್ನು ನೋಡಿ ಸಹಿ ಹಾಕಿ. ಸರ್ಜರಿ ರದ್ದಾದರೆ ಸಾಲ ಏನಾಗುತ್ತದೆ ಎಂದೂ ಕೇಳಿ. ಸ್ವಂತ ಆದಾಯ ಇಲ್ಲದವರು ಇದಕ್ಕಾಗಿ ಚಿನ್ನ ಅಡವಿಡುವುದು ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆ ಚಿನ್ನ ಕೈಯಲ್ಲಿ ಉಳಿದ ಒಂದೇ ಆಧಾರ.

ಗಂಡನೇ "ಮಾಡಿಸಿಕೋ, ನಾನು ದುಡ್ಡು ಕೊಡ್ತೇನೆ" ಅನ್ನುತ್ತಾರೆ. ಒಪ್ಪಿಕೊಳ್ಳಲಾ?

ಈ ಮಾತು ನಿಮ್ಮ ಬಯಕೆಯ ನಂತರ ಬಂತೋ, ಮೊದಲು ಬಂತೋ? ನೀವು ವರ್ಷದಿಂದ ಹೇಳುತ್ತಿದ್ದು ಅವರು ಈಗ ಒಪ್ಪಿದ್ದಾದರೆ ಅದು ಸಹಕಾರ. ನಿಮಗೆ ಯೋಚನೆಯೇ ಇರಲಿಲ್ಲ, ಅವರು ಎತ್ತಿದರು ಎಂದಾದರೆ ನಿಲ್ಲಿ. ಅಷ್ಟೇ ಮೊತ್ತವನ್ನು "ನನ್ನ ಹೆಸರಲ್ಲಿ ಎಫ್‌ಡಿ ಮಾಡಿ, ಒಂದು ವರ್ಷ ಬಿಟ್ಟು ನಾನೇ ತೀರ್ಮಾನಿಸ್ತೇನೆ" ಎಂದು ಕೇಳಿ ನೋಡಿ. ಹೊಟ್ಟೆ ಸರಿಮಾಡಲಿಕ್ಕೆ 3 ಲಕ್ಷ ಉಂಟು, ನಿಮ್ಮ ಖಾತೆಗೆ ಹಾಕಲಿಕ್ಕೆ 3 ಸಾವಿರ ಇಲ್ಲ ಎಂದಾದರೆ, ಮೊದಲು ಮಾತಾಡಬೇಕಾದದ್ದು ಹೊಟ್ಟೆಯ ಬಗ್ಗೆ ಅಲ್ಲ. ಹೋಲಿಸಿ ಮಾತಾಡುವುದು, ಹೊರಗೆ ಕರೆದುಕೊಂಡು ಹೋಗುವುದಿಲ್ಲ ಎನ್ನುವುದು, ಮಾಡಿಸಿಕೊಳ್ಳದಿದ್ದರೆ ಖರ್ಚಿಗೆ ಕೊಡುವುದಿಲ್ಲ ಎನ್ನುವುದು ಹಿಂಸೆಯೇ. ಆಪರೇಷನ್ನಿನಿಂದ ಅದು ನಿಲ್ಲುವುದಿಲ್ಲ, ಮುಂದಿನ ಸಲ ಮೂಗೋ ಬಣ್ಣವೋ ಆಗುತ್ತದೆ.

ನನಗೆ ಬೇಕು, ಅವರಿಗೆ ಬೇಡ. ಗಂಡನ ಸಹಿ ಇಲ್ಲದೆ ಆಗುವುದಿಲ್ಲವಾ?

18 ತುಂಬಿದ, ಸ್ವಸ್ಥ ಬುದ್ಧಿಯ ಹೆಣ್ಣಿನ ಆಪರೇಷನ್‌ಗೆ ಅವಳದೇ ಒಪ್ಪಿಗೆ ಸಾಕು. ರೋಗಿಯ ಪ್ರಜ್ಞೆ ತಪ್ಪಿದ್ದಾಗ ಅವಳ ತಾಯಿಯಿಂದ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಆ ಒಪ್ಪಿಗೆ ನಡೆಯದು ಎಂದಿತು. ಆಸ್ಪತ್ರೆಯವರು ಕೇಳುವ ಇನ್ನೊಂದು ಸಹಿ ಜೊತೆಗಿರುವವರದ್ದು. ಅಕ್ಕ, ಗೆಳತಿ ಯಾರಾದರೂ ಆಗಬಹುದು. ಆದರೆ ಹಣ ಅವರದ್ದಾದಾಗ ಕಾನೂನಿನ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ತಿಂಗಳ ಆ 3,000 ಬೇಕೆಂದು ನಾವು ಹಟ ಹಿಡಿಯುವುದು ಇದಕ್ಕೇ. ಗಂಡನ ಭಯ ಅಪಾಯದ ಬಗ್ಗೆ ಇದ್ದರೆ ಸರ್ಜನ್ ಹತ್ತಿರ ಇಬ್ಬರೂ ಹೋಗಿ ಕೇಳಿ. ಭಯ "ಯಾರಿಗೆ ತೋರಿಸಲಿಕ್ಕೆ" ಎಂಬುದಾದರೆ ಅದು ಬೇರೆಯೇ ಕಾಯಿಲೆ.

ಊರವರು ಆಡಿಕೊಳ್ಳುತ್ತಾರೆ.

ಹೌದು. ಸೀಮಂತದ ಮನೆಯಲ್ಲಿ "ಎಂತ ಹೊಟ್ಟೆ ಮಾರಾಯ್ತಿ, ಇನ್ನೊಂದು ಉಂಟಾ?" ಎಂದು ಕೇಳಿದವರೇ, ಮಾಡಿಸಿಕೊಂಡ ಮೇಲೆ "ಗಂಡನ ದುಡ್ಡಲ್ಲಿ ಶೋಕಿ" ಎನ್ನುತ್ತಾರೆ. ಹಲ್ಲಿಗೆ ಕ್ಲಿಪ್ ಹಾಕಿಸಿದರೆ, ತಲೆಗೆ ಡೈ ಹಚ್ಚಿದರೆ, ಗಂಡಸು ಕೂದಲು ನೆಡಿಸಿಕೊಂಡರೆ ಈ ಮಾತಿಲ್ಲ. ತಾಯಿಯಾದವಳ ಹೊಟ್ಟೆಯ ಮೇಲೆ ಮಾತ್ರ ಊರಿಗೆಲ್ಲ ಹಕ್ಕು. ಮಾಡಿಸಿಕೊಳ್ಳುವವಳನ್ನು ಹೀಗಳೆಯುವುದೂ ಬೇಡ, ಜೋತ ಹೊಟ್ಟೆಯನ್ನು ತಾಯ್ತನದ ಪದಕ ಎಂದು ಬೇಡದವಳ ಮೇಲೆ ಹೇರುವುದೂ ಬೇಡ. ಯಾರಿಗೆ ಹೇಳಬೇಕು, ಹೇಳಬಾರದು ಎಂಬುದು ನಿಮಗೆ ಬಿಟ್ಟದ್ದು. ಮುಂದೆ ನೋಡುವ ಪ್ರಸೂತಿ ವೈದ್ಯರಿಗೆ, ಅರಿವಳಿಕೆ ತಜ್ಞರಿಗೆ ಮಾತ್ರ ಮುಚ್ಚಿಡಬೇಡಿ.

ದಿನಕ್ಕೆ ಗಂಟೆಗಟ್ಟಲೆ ಕನ್ನಡಿ, ಒಂದೇ ಅಂಗದ ಚಿಂತೆ, ಒಂದು ಸರ್ಜರಿ ಮುಗಿದ ಕೂಡಲೇ ಇನ್ನೊಂದರ ಹುಡುಕಾಟ ಇದ್ದರೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್‌ಗೆ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಉಚಿತ. ಬಾಣಂತನದ ಖಿನ್ನತೆ ಕೂಡ "ನಾನು ಚೆಂದ ಇಲ್ಲ" ಎಂಬ ರೂಪದಲ್ಲಿ ಬರುವುದುಂಟು.

ಒಳ್ಳೆಯ ಸರ್ಜನ್ ಎಂದು ತಿಳಿಯುವುದು ಹೇಗೆ?

ಬೋರ್ಡಿನಲ್ಲಿ "ಕಾಸ್ಮೆಟಿಕ್" ಎಂದಿದ್ದರೆ ಸಾಲದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕ್ಕಿಗೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು, ಅದನ್ನು ಗೋಡೆಯ ಮೇಲೆ ಹಾಕಿರಬೇಕು. ಮಂಗಳೂರು, ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಹತ್ತಿರವೇ ಇರುವುದು ನಮ್ಮ ಅನುಕೂಲ. ಎರಡನೇ ಅಭಿಪ್ರಾಯಕ್ಕೆ ಅಲ್ಲಿಯ ಹೊರರೋಗಿ ವಿಭಾಗಕ್ಕೆ ಹೋಗಿ. ಅರಿವಳಿಕೆ ಕೊಡುವವರು ಯಾರು, ರಾತ್ರಿ ತೊಂದರೆಯಾದರೆ ಐಸಿಯು ಎಲ್ಲಿ, ಇಂಥ ಎಷ್ಟು ಆಪರೇಷನ್ ಮಾಡಿದ್ದೀರಿ ಎಂದು ಕೇಳಿದಾಗ ಮುಖ ಗಂಟಿಕ್ಕುವವರನ್ನು ಬಿಟ್ಟುಬಿಡಿ. "ಇವತ್ತೇ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್" ಎನ್ನುವವರನ್ನೂ.

ಪಾರ್ಲರಿನಲ್ಲಿ ಬಿಳಿಯಾಗುವ ಇಂಜೆಕ್ಷನ್ ಕೊಡುತ್ತಾರೆ. ತೆಗೆದುಕೊಳ್ಳಬಹುದಾ?

ಬೇಡ. ಪಾರ್ಲರಿನಲ್ಲಿ ಸೂಜಿ ಚುಚ್ಚಿಸಿಕೊಳ್ಳಲೇಬೇಡಿ, ಅದು ಬಿಳಿಯಾಗಲಿಕ್ಕೆಂದು ಕೊಡುವ ಗ್ಲುಟಾಥಿಯೋನ್ ಆಗಲಿ, ಸುಕ್ಕು ಕಡಿಮೆ ಮಾಡುವ ಬೊಟಾಕ್ಸ್ ಆಗಲಿ, ಚರ್ಮದಡಿ ತುಂಬುವ ಫಿಲ್ಲರ್ ಆಗಲಿ. ಫಿಲ್ಲರ್ ರಕ್ತನಾಳಕ್ಕೆ ಹೋದರೆ ಚರ್ಮ ಕೊಳೆಯುತ್ತದೆ, ಕಣ್ಣೇ ಹೋಗುವುದೂ ಉಂಟು. ಅದನ್ನು ಕರಗಿಸುವ ಔಷಧ ಆ ಕ್ಷಣಕ್ಕೆ ಕೈಯಲ್ಲಿರಬೇಕು. ಬಸುರಿಯರು, ಹಾಲುಣಿಸುವವರು ಬೊಟಾಕ್ಸನ್ನು ವೈದ್ಯರಿಂದಲೂ ಮಾಡಿಸಿಕೊಳ್ಳಬಾರದು.

ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಸಿಗುವ ಬಿಳಿಯಾಗುವ ಕ್ರೀಮ್‌ಗಳಲ್ಲಿ ಸ್ಟೆರಾಯ್ಡ್ ಇರುವುದುಂಟು. ಟ್ಯೂಬಿನ ಹಿಂದೆ ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಮುಖಕ್ಕೆ ಬೇಡ. ಎರಡು ವಾರ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಬಿಟ್ಟರೆ ಉರಿ, ಹಚ್ಚಿದರೆ ಹಾಳು. ವರ್ಷಗಟ್ಟಲೆ ಹಚ್ಚಿದವರು ಒಮ್ಮೆಲೇ ನಿಲ್ಲಿಸದೆ ಚರ್ಮವೈದ್ಯರ ಹತ್ತಿರ ಹೋಗಿ.

ಖರ್ಚಿಗೇ ಕೊಡುವುದಿಲ್ಲ, ಚಿನ್ನವನ್ನೂ ಕೊಡುವುದಿಲ್ಲ. ಎಲ್ಲಿಗೆ ಹೋಗುವುದು?

2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಆರ್ಥಿಕ ಹಿಂಸೆ ಎಂದು ಇದಕ್ಕೆ ಪ್ರತ್ಯೇಕ ಹೆಸರೇ ಉಂಟು. ನಿಮ್ಮ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಖರ್ಚು, ವಾಸದ ಹಕ್ಕು, ಸ್ತ್ರೀಧನ ವಾಪಸ್ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಸರ್ಕಾರದ ವಕೀಲರ ಸೇವೆ ಉಚಿತ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಸಹಾಯವಾಣಿ 15100. ಅಪಾಯ ಇದ್ದರೆ ಮಹಿಳಾ ಸಹಾಯವಾಣಿ 181. 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕವಾಗುತ್ತದೆ, ಆದ್ದರಿಂದ ತಡಮಾಡಬೇಡಿ. ಮದುವೆ ಫೋಟೊ, ಗಂಡನ ಸಂಬಳದ ಅಥವಾ ಅಂಗಡಿಯ ಯಾವುದಾದರೂ ದಾಖಲೆ, ಮಕ್ಕಳ ಫೀಸ್ ರಶೀದಿ, ಎರಡು ತಿಂಗಳ ಆ ಖರ್ಚಿನ ಪುಸ್ತಕ ಜೊತೆಗಿರಲಿ.

ಸರ್ಜರಿ ಕೆಟ್ಟರೆ ದೂರು ಎಲ್ಲಿ?

ಮೊದಲು ಕೇಸ್ ಶೀಟಿನ (ಆಸ್ಪತ್ರೆಯ ಚಿಕಿತ್ಸಾ ದಾಖಲೆಯ) ಪ್ರತಿಯನ್ನು ಲಿಖಿತವಾಗಿ ಕೇಳಿ. 72 ಗಂಟೆಯೊಳಗೆ ಕೊಡಬೇಕು. ಒಪ್ಪಿಗೆ ಪತ್ರ, ಅಂದಾಜು ಪಟ್ಟಿ, ಬಿಲ್, ಪ್ರತಿ ವಾರದ ಗಾಯದ ಫೋಟೊ ತಾರೀಕು ಸಮೇತ ಇಟ್ಟುಕೊಳ್ಳಿ. ವೈದ್ಯರ ನಡತೆಯ ದೂರು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ, ಪರಿಹಾರಕ್ಕೆ ಮಂಗಳೂರು ಅಥವಾ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಎರಡು ವರ್ಷದೊಳಗೆ ಹಾಕಬೇಕು. ಗಾಯದ ಗೆರೆ ಎದ್ದು ಕಾಣುತ್ತದೆ ಎಂಬಷ್ಟಕ್ಕೇ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಅಪಾಯ ತಿಳಿಸದೆ ಸಹಿ ಹಾಕಿಸಿದ್ದು, ಅರ್ಹತೆ ಇಲ್ಲದವರು ಕತ್ತಿ ಹಿಡಿದದ್ದು, ಸೋಂಕು ಎಂದು ಹೇಳಿದರೂ ನೋಡದೆ ಬಿಟ್ಟದ್ದು ಇವಕ್ಕೆ ದಾಖಲೆ ಇದ್ದರೆ ಕೇಸು ನಿಲ್ಲುತ್ತದೆ.